ಭೂಕಂಪದ ಪುಟ ಮಾಡಿದ ಮಳೆಗಾಲ

ಹೋದ ತಿಂಗಳು ಕೆಲಸದ ಮೇಲೆ ತುರೋರಿಗೆ ಹೋಗಿದ್ದೆ. ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಉಮರ್ಗಾ ಬಸ್ಸಿಗೆ ಕಾಯುತ್ತ ಕೂತಿದ್ದಾಗ ಹಿಂದಿನ ಓಣಿಯಲ್ಲಿ ಜೆಸಿಬಿಯೊಂದು ಹಳೆ ಕಲ್ಲಿನ ಮನೆ ಕೆಡವುತ್ತಿತ್ತು. ಬೆಳಿಗ್ಗೆ ಮಳೆ ಬಂದು ಹೋಗಿತ್ತು. ಗೋಡೆ ಉರುಳಿದ್ದೇ ತಡ, ಒಂದು ವಾಸನೆ ರಸ್ತೆಗೆ ಬಂತು. ಎಷ್ಟೋ ಕಾಲದಿಂದ ಕಲ್ಲುಗಳ ನಡುವೆ ಬೆಳಕು ಕಾಣದೆ ಕೂತ ಮಣ್ಣು ಒಮ್ಮೆಲೇ ತೋಯ್ದಾಗ ಬರುವ ವಾಸನೆ. ಹುಲ್ಲು, ಹೆಂಡಿ, ಸುಣ್ಣ, ಇಲಿ ಎಲ್ಲ ಕೂಡಿದ್ದು. ಲಾರಿಗಳ ಹೊಗೆಯನ್ನೂ ಸೀಳಿಕೊಂಡು ಬಂತು. ನಾನು ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು, ಎದ್ದು, ಬಯಲಿಗೆ ಹೋಗಿ ನಿಂತೆ.

"ಯಾಕ್ರೀ ಬಾಯಿ, ಚಾ ಚಲೋ ಆಗಿಲ್ಲೇನು?" ಅಂದ ಅಂಗಡಿಯವ.

ಅವನಿಗೆ ಏನಂತ ಹೇಳಲಿ? ನಿಲಂಗಾದಲ್ಲಿ ಕಳೆದ ಒಂದು ಮಳೆಗಾಲ ಎದೆಯೊಳಗೆ ಎದ್ದು ಕೂತಿತ್ತು.

ನಾನು ಉದಗೀರದವಳು. ನಮ್ಮದು ಬಟ್ಟೆ ಅಂಗಡಿಯ ಮನೆತನ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಗಿರಾಕಿ ಸಿಟ್ಟಾದರೆ ಹಿಂದಿ. ಓದು ಮುಗಿದ ಮೇಲೆ ಪುಣೆಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಶಾಲೆಯ ಪಾಠಗಳನ್ನು ಮೊಬೈಲಿನಲ್ಲಿ, ತರಗತಿಯ ಟಿವಿಯಲ್ಲಿ ಮಕ್ಕಳು ತಾವೇ ಮುಟ್ಟಿ, ಎಳೆದು, ಒತ್ತಿ ಕಲಿಯುವಂಥ ಪುಟಗಳನ್ನಾಗಿ ಮಾಡುವುದು ಅವರ ಕೆಲಸ. ಗಡಿಯ ಕನ್ನಡ ಶಾಲೆಗಳಿಗೂ ಅಂಥ ಪುಟ ಬೇಕೆಂದಾಗ ನನ್ನನ್ನು ಈ ಕಡೆ ಕಳಿಸಿದರು. ನಿಲಂಗಾದಲ್ಲಿ ನನ್ನ ಸೋದರತ್ತೆ ಕಸ್ತೂರಿ ಇದ್ದಳು. ಮಾವನದು ಕಿರಾಣಿ ಅಂಗಡಿ. ಅಂಗಡಿಯ ಹಿಂದೆ ಮನೆ, ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಅದರೊಳಗೊಂದು ಕೋಣೆ ನನಗೆ ಬಿಟ್ಟುಕೊಟ್ಟರು.

ಪುಟ ಮಾಡುವಾಗ ನನ್ನ ಕಣ್ಣ ಮುಂದೆ ಯಾವಾಗಲೂ ಒಬ್ಬ ಹುಡುಗಿ ಇರುತ್ತಿದ್ದಳು. ಅಪ್ಪ ಹೊಲದಿಂದ ಬಂದ ಮೇಲೆ ಅವನ ಮೊಬೈಲು ಇಸಕೊಂಡು, ತಮ್ಮನನ್ನು ಮೊಣಕೈಯಿಂದ ದೂಡುತ್ತ, ಒಂದೇ ಹೆಬ್ಬೆರಳಿನಲ್ಲಿ ಪಾಠ ನಡೆಸುವ ಹುಡುಗಿ. ಬಟನ್ ಆ ಬೆರಳಿಗೆ ಸಿಗಬೇಕು, ಆದರೆ ಬೆರಳಿನಡಿ ಚಿತ್ರ ಮುಚ್ಚಿಹೋಗಬಾರದು. ನೆಟ್‌ವರ್ಕ್ ಒಂದೇ ಗೆರೆ ಇದ್ದಾಗಲೂ ಪುಟ ತೆರೆಯಬೇಕು. ಹಳೆ ಫೋನುಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತಿದ್ದವು. 'ಪೃಥ್ವಿ' ಅಂತ ಬರೆದರೆ ಅವಳಿಗೆ ಬರೀ ಚೌಕಗಳು ಕಾಣುತ್ತಿದ್ದವು, ಅದಕ್ಕೆ 'ಭೂಮಿ' ಅಂತಲೇ ಬರೆಯುತ್ತಿದ್ದೆ. ಊಟ ಮಾಡುವಾಗಲೂ ಅದೇ ಧ್ಯಾನ. ಈ ಕೆಲಸ ನನಗೆ ಅಷ್ಟು ಹಿಡಿಸಿತ್ತು.

ನಾನು ಬಂದ ವಾರವೇ ಮಳೆ ಹಿಡಿಯಿತು. ಸೋಯಾಬೀನ್ ಹೊಲಗಳು ಹಸಿರಾದವು, ಬಾವಿಗಳು ಮೇಲಕ್ಕೆ ಬಂದವು, ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಯಿತು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅತ್ತೆಯ ಜೊತೆ ಕೂತು ರೊಟ್ಟಿ ತಿನ್ನುತ್ತಿದ್ದೆ. ಆಗ ಒಂದು ಸದ್ದು ಕೇಳಿತು. ಬಾಗಿಲು ಹಾಕಿದ ಗೋದಾಮಿನೊಳಗೆ ಯಾರೋ ತುಂಬಿದ ಡ್ರಮ್ಮು ಉರುಳಿಸಿದಂತೆ. ಗುಡುಗು ಅಂದುಕೊಂಡು ಕಿಟಕಿ ಕಡೆ ನೋಡಿದೆ. ಆದರೆ ಸದ್ದು ನನ್ನ ಮಣೆಯ ಕೆಳಗಿನಿಂದ ಬಂದಿತ್ತು.

ಅತ್ತೆ ಹಲಗೆಯ ಮೇಲಿನ ಸ್ಟೀಲ್ ಲೋಟಗಳನ್ನು ನೋಡುತ್ತಿದ್ದಳು. ಬಾಯಿ ಕೆಳಗೆ ಮಾಡಿ ಒಂದರ ಮೇಲೊಂದು ಏರಿಸಿಟ್ಟ ಲೋಟಗಳು. ಮೇಲಿನದು ಸಣ್ಣಗೆ ಕಿಣಿಕಿಣಿ ಅಂದು ಸುಮ್ಮನಾಯಿತು.

"ಏನತ್ತಿ ಅದು?"

"ಏನಿಲ್ಲ, ನೀ ಊಟ ಮಾಡು" ಅಂದಳು. ಆಮೇಲೆ ತಾನೇ ಹೇಳಿದಳು, "ಲೋಟ ಬಿದ್ರ ಓಡಬೇಕು. ಬೀಳಲಿಲ್ಲಂದ್ರ ಕೂಡಬೇಕು. ಹಿಂಗ ಮಾಡ್ಕೋತ ಇಷ್ಟ ವರ್ಷ ಬಂದೀವಿ."

ನಮ್ಮ ಕಡೆ ಭೂಕಂಪ ಅಂದರೆ ಯಾವ ವರ್ಷದ್ದು ಅಂತ ಯಾರೂ ಕೇಳುವುದಿಲ್ಲ. ನಾನು ಹುಟ್ಟುವ ಮೊದಲಿನದು ಅದು. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ ಜನ ಇಂಥದೇ ಕಲ್ಲು ಮಣ್ಣಿನ ಮನೆಗಳ ಕೆಳಗೆ ಸತ್ತರು. ಎಷ್ಟೋ ಊರುಗಳನ್ನು ಇದ್ದ ಜಾಗ ಬಿಟ್ಟು ಬೇರೆ ಕಡೆ ಕಟ್ಟಬೇಕಾಯಿತು. ಆ ಮಳೆಗಾಲ ನಿಲಂಗಾದ ಸುತ್ತಲ ಹಳ್ಳಿಗಳಲ್ಲಿ ನೆಲದ ಸದ್ದು ಮತ್ತೆ ಮತ್ತೆ ಬಂತು. ಸರ್ಕಾರದ ಸಾಹೇಬರು ಬಂದು ನಡುಕ ಅಳೆಯುವ ಯಂತ್ರ ನೆಲದಲ್ಲಿ ಹೂತು ಹೋದರು. ಮಳೆಯ ನೀರು ಬಂಡೆಯ ಸಂದಿಗಳಿಗೆ ಇಳಿಯುವ ಸದ್ದು, ಅಂಜಬೇಡಿ ಅಂದರು. ಮಾವನೂ ಗಿರಾಕಿಗಳಿಗೆ ಅದನ್ನೇ ಹೇಳುತ್ತಿದ್ದ. ಆದರೂ ಹಳ್ಳಿಗಳಲ್ಲಿ ಜನ ಮನೆಯೊಳಗೆ ಮಲಗುವುದನ್ನು ಬಿಟ್ಟರು. ತಗಡಿನ ಶೆಡ್ಡಿನಲ್ಲಿ, ಟ್ರಾಕ್ಟರ್ ಟ್ರಾಲಿಯ ಮೇಲೆ ತಾಡಪತ್ರಿ ಹೊದ್ದು, ಮಳೆಯಲ್ಲೇ ಮಲಗುತ್ತಿದ್ದರು. ನಾಯಿಗಳು ಮಾತ್ರ ಖಾಲಿ ಮನೆಗಳಲ್ಲಿ ಬೆಚ್ಚಗೆ ಇದ್ದವು.

ಆ ಹೊತ್ತಿಗೇ ಪುಣೆಯಿಂದ ನಮ್ಮ ಮುಖ್ಯಸ್ಥೆ ಮೇಘನಾ ಮ್ಯಾಡಮ್ ಅವರ ಫೋನು ಬಂತು. ಎಂಟನೇ ತರಗತಿಯ ಭೂಕಂಪದ ಪಾಠವನ್ನೇ ಮೊದಲು ಮಾಡು, ನಿಮ್ಮ ಕಡೆ ಈಗ ಎಲ್ಲರೂ ಅದನ್ನೇ ಮಾತಾಡುತ್ತಿದ್ದಾರಲ್ಲ, ಮಕ್ಕಳಿಗೆ ಆಸಕ್ತಿ ಬರುತ್ತದೆ ಅಂದರು.

ಪಾಠದ ಮಾತು ಬರೆದುಕೊಡುತ್ತಿದ್ದವರು ಮಹಾದೇವ ಮಾಸ್ತರರು. ದೇವಣಿ ರಸ್ತೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿದ್ದರು. ವಯಸ್ಸು ನಲವತ್ತರ ಹತ್ತಿರ, ಮೆಲು ದನಿ, ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ. ಬರೆಯುವುದೆಂದರೆ ಅವರಿಗೆ ಪ್ರೀತಿ. ದನಕರುಗಳ ಪಾಠಕ್ಕೆ ದೇವಣಿ ಹೋರಿಯ ಕಿವಿ, ಮೈಮೇಲಿನ ಕರಿ ಮಚ್ಚೆ, ನಡಿಗೆ ಅಂತ ಎಷ್ಟು ಬರೆದಿದ್ದರೆಂದರೆ ಅದನ್ನು ಕತ್ತರಿಸುವುದೇ ನನಗೆ ಸಂಕಟವಾಗಿತ್ತು. ಭೂಕಂಪದ ಪಾಠಕ್ಕೆ ಕಳಿಸಿದ್ದು ಎರಡು ಸಾಲು.

"ಮಾಸ್ತರ್ರ, ಇನ್ನಷ್ಟು ಬೇಕಿತ್ರಿ" ಅಂತ ಫೋನು ಮಾಡಿದೆ.

"ಪುಸ್ತಕದಾಗ ಇದ್ದದ್ದು ಕೊಟ್ಟೀನ್ರಿ ಮ್ಯಾಡಮ್."

"ಮಕ್ಕಳಿಗೆ ಹಿಡಿಸೂಹಂಗ ಏನಾರ?"

"ಹಿಡಿಸೂಹಂಥಾ ಮಾತಲ್ರಿ ಅದು" ಅಂದರು, ಫೋನಿಟ್ಟರು.

ಹಾಗಾಗಿ ಪುಟವನ್ನು ನಾನೇ ಕಟ್ಟಿದೆ. ತೆರೆಯ ನಡುವೆ ಒಂದು ಕಲ್ಲಿನ ಮನೆ. ಅದರ ಕೆಳಗೆ ಬೆರಳಿನಿಂದ ಎಳೆಯುವ ಗುಂಡಿ. ಎಡದಿಂದ ಬಲಕ್ಕೆ ಎಳೆದಂತೆಲ್ಲ ಮನೆ ನಡುಗುತ್ತದೆ, ಕಲ್ಲು ಜಾರುತ್ತವೆ, ನೆಲದೊಳಗಿನಿಂದ ಗುಡುಗಿನಂಥ ಸದ್ದು ಬರುತ್ತದೆ. ಗುಂಡಿ ತುದಿ ಮುಟ್ಟಿದಾಗ ಒಂದು ದನಿ ಕೂಗುತ್ತದೆ. ಆ ದನಿ ನನ್ನದೇ. ಮಾವನ ಉಗ್ರಾಣದಲ್ಲಿ ಜೋಳದ ಚೀಲಗಳ ನಡುವೆ ಕೂತು ಅದನ್ನು ಮುದ್ರಿಸಿದೆ. ಚೀಲಗಳ ನಡುವೆ ದನಿ ಮಾರ್ದನಿಸುವುದಿಲ್ಲ, ಶುದ್ಧವಾಗಿ ಬರುತ್ತದೆ. "ಭೂಕಂಪ ಬಂತು! ಏಳ್ರಿ, ಹೊರಗ ಓಡ್ರಿ!" ಅಂತ ಹತ್ತಾರು ಸಲ ಕೂಗಿದೆ, ಒಂದರಲ್ಲಿ ಭಯ ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ಹೊರಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದಳು.

"ಅಂಥಾ ಮಾತು ಬಾಯಿಂದ ತೆಗೀಬಾರ್ದು ರೇಖಾ. ನೆಲ ಕೇಳಸ್ಕೋತದ."

ನಾನು ನಕ್ಕೆ. ಆಕೆ ನಗಲಿಲ್ಲ. ವಿಭೂತಿ ತಂದು ನನ್ನ ಹಣೆಗೆ ಹಚ್ಚಿ ಒಳಗೆ ಹೋದಳು.

ಮಾಸ್ತರರು ನಿಲಂಗಾದ ಸಂತೆಗೆ ಬಂದಾಗ ಪುಟ ತೋರಿಸಿದೆ. ಗುಂಡಿ ಎಳೆದರು. ಸದ್ದು ಶುರುವಾಗುತ್ತಲೇ ಫೋನನ್ನು ಮೈಯಿಂದ ದೂರ ಹಿಡಿದು, ಕೆಂಡ ಕೊಟ್ಟಂತೆ ನನ್ನ ಕೈಗೆ ಕೊಟ್ಟರು.

"ಎಲ್ಲಾ ಚಲೋ ಅದ್ರಿ. ಆ ಸದ್ದೊಂದು ತೆಗೀರಿ."

"ಯಾಕ್ರಿ?"

"ತೆಗೀರಿ, ಅಷ್ಟ."

ಪುಣೆಗೆ ಹೇಳಿದೆ. ಮೇಘನಾ ಮ್ಯಾಡಮ್ ಒಪ್ಪಲಿಲ್ಲ. ಸದ್ದೇ ಈ ಪುಟದ ಜೀವ, ಮೊದಲು ಮಕ್ಕಳ ಮುಂದೆ ಇಟ್ಟು ನೋಡು ಅಂದರು.

ಮಕ್ಕಳ ಮುಂದೆ ಇಡುವ ದಿನ ಮಾಸ್ತರರ ಶಾಲೆಗೆ ಹೋದಾಗ ಮಳೆ ಬಿಡದೆ ಹೊಡೆಯುತ್ತಿತ್ತು. ಶಾಲೆಯ ಹೊಸ ಕೋಣೆಯ ಸ್ಲ್ಯಾಬು ಸೋರುತ್ತಿದ್ದುದರಿಂದ ಹಗಲಲ್ಲವೇ ಅಂತ ಎಂಟನೆಯವರನ್ನು ಪಕ್ಕದ ಹಳೆ ಕಲ್ಲಿನ ವಾಡೆಯ ಕೋಣೆಯಲ್ಲಿ ಕೂರಿಸಿದ್ದರು. ಊರಿನ ಒಂದು ಒಕ್ಕಲು ಮನೆತನದವರು ಪಾಪ, ಮಕ್ಕಳು ತೋಯಬಾರದೆಂದು ತೆರೆದುಕೊಟ್ಟ ಕೋಣೆ. ಮೊಳದಷ್ಟು ದಪ್ಪದ ಗೋಡೆ, ಒಂದೇ ಬಾಗಿಲು, ಮೇಲೆಲ್ಲೋ ಒಂದು ಗವಾಕ್ಷಿ. ಒಳಗೆ ಕಾಲಿಟ್ಟಾಗ ಗೋಡೆ ತಣ್ಣಗೆ ಬೆವರುತ್ತಿತ್ತು. ಟಿವಿಯನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಜೋಡಿಸಿ, ಲ್ಯಾಪ್‌ಟಾಪಿನ ಮುಂದೆ ಸುನಂದಾ ಎಂಬ ಹುಡುಗಿಯನ್ನು ಕೂರಿಸಿದೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಚುರುಕು ಕಣ್ಣು. ಮಾಸ್ತರರು ಹಿಂದಿನ ಗೋಡೆಯ ಹತ್ತಿರ ನಿಂತರು.

ಸುನಂದಾ ಗುಂಡಿ ಎಳೆದಳು. ಟಿವಿಯ ಮನೆ ನಡುಗಿತು, ಸ್ಪೀಕರ್ ಗುಡುಗಿತು, ನನ್ನ ದನಿ ಕೂಗಿತು, "ಭೂಕಂಪ ಬಂತು! ಏಳ್ರಿ, ಹೊರಗ ಓಡ್ರಿ!" ಮಕ್ಕಳು ಮೊದಲು ಬೆಚ್ಚಿದರು, ಆಮೇಲೆ ನಕ್ಕರು. ಇನ್ನೊಮ್ಮೆ ಅಂದರು. ಮತ್ತೊಮ್ಮೆ ಅಂದರು. ಹಿಂದೆ ಕೂತವನೊಬ್ಬ ನನ್ನ ದನಿ ಅಣಕಿಸತೊಡಗಿದ. ಕೋಣೆ ತುಂಬ ನಗೆ. ನಾನು ಒಳಗೊಳಗೆ ಹಿಗ್ಗಿದೆ. ಮಾಸ್ತರರು ತಲೆ ಬಗ್ಗಿಸಿ ನೆಲ ನೋಡುತ್ತಿದ್ದರು.

"ಸಾಕು. ಗುಂಡಿ ವಾಪಸ್ ತಗೊಂಬಾ ಸುನಂದಾ. ಈಗ ಪ್ರಶ್ನಿ ನೋಡೂಣು."

ಗುಂಡಿ ಎಡಕ್ಕೆ ಬಂತು. ಟಿವಿಯ ಮನೆ ನೆಟ್ಟಗೆ ನಿಂತಿತು. ಆಗ ಸದ್ದು ಬಂತು.

ಮಕ್ಕಳು ಟಿವಿ ನೋಡಿ ಮತ್ತೆ ನಕ್ಕರು. ಮನೆ ಇನ್ನೇನು ಬೀಳುತ್ತದೆ ಅಂತ ಕಾದರು. ಸುನಂದಾ ಎರಡೂ ಕೈ ಮೇಲೆತ್ತಿ ನನ್ನ ಕಡೆ ತಿರುಗಿದಳು.

"ಮ್ಯಾಡಮ್, ನಾ ಮುಟ್ಟೇ ಇಲ್ರಿ!"

ಎತ್ತಿದ ಆ ಕೈಗಳನ್ನು ನೋಡಿದೆ. ತೆರೆಯ ಮೇಲೆ ಏನೂ ಅಲುಗಾಡುತ್ತಿರಲಿಲ್ಲ. ಅಂಗಾಲಿನಿಂದ ಏನೋ ಮೇಲೇರಿ ಮೊಣಕಾಲಿಗೆ ಬಂತು. ಮಾಳಿಗೆಯ ತೊಲೆಗಳ ನಡುವಿನಿಂದ ಸಣ್ಣಗೆ ಮಣ್ಣು ಉದುರತೊಡಗಿತು. ನಾನು ಒದರಿದೆ. ಬಾಯಿಗೆ ಬಂದದ್ದು ಅವೇ ಮಾತು, ಅದೇ ದನಿ.

"ಭೂಕಂಪ ಬಂತು! ಏಳ್ರಿ, ಹೊರಗ ಓಡ್ರಿ!"

ಇಡೀ ಕೋಣೆ ಕೇಕೆ ಹಾಕಿತು. ಹಿಂದಿನವ ನನಗಿಂತ ಜೋರಾಗಿ ಅದನ್ನೇ ಕೂಗಿದ. ಯಾರೂ ಏಳಲಿಲ್ಲ. ಯಾಕೆ ಏಳುತ್ತಾರೆ? ಆ ಮಾತಿಗೆ ನಗಬೇಕೆಂದು ಆಗಷ್ಟೇ ಕಲಿತಿದ್ದರು.

"ಖರೇನ ಬಂದದ! ಆಟ ಅಲ್ಲ!" ಅಂದೆ. ಮತ್ತೂ ನಕ್ಕರು.

ಏನು ಯೋಚಿಸಿದೆನೋ ಗೊತ್ತಿಲ್ಲ. ಟಿವಿಯ ವೈರು ಹಿಡಿದು ಜಗ್ಗಿದೆ, ಸ್ಪೀಕರಿನದನ್ನೂ ಕಿತ್ತೆ. ತೆರೆ ಕಪ್ಪಾಯಿತು. ಸದ್ದು ಮಾತ್ರ ಹಾಗೇ ಇತ್ತು. ಕಪ್ಪಾದ ತೆರೆಯ ಮುಂದೆ ಮಕ್ಕಳ ಮುಖದ ನಗೆ ಒಂದೊಂದಾಗಿ ಆರಿತು. ಆ ಕ್ಷಣ ನನಗೆ ಎಂದೂ ಮರೆಯುವುದಿಲ್ಲ. ಸುನಂದಾ ಪಕ್ಕದವಳ ಕೈ ಹಿಡಿದು ಎದ್ದು ಓಡಿದಳು. ಅವಳ ಹಿಂದೆ ಎಲ್ಲರೂ. ಒಂದೇ ಬಾಗಿಲು. ಸಿಕ್ಕಿಕೊಂಡವರನ್ನು ನಾನು ಬೆನ್ನು ಹಿಡಿದು ಹೊರಗೆ ದೂಡಿದೆ.

ಕೋಣೆ ಖಾಲಿಯಾದಾಗ ತಿರುಗಿ ನೋಡಿದೆ. ಮಾಸ್ತರರು ನಿಂತಲ್ಲೇ ಇದ್ದರು, ಒಂದು ಅಂಗೈಯನ್ನು ಗೋಡೆಗೆ ಒತ್ತಿಕೊಂಡು, ಯಾರೋ ಬರುವ ದಾರಿ ಕಾಯುವವರಂತೆ ಬಾಗಿಲ ಕಡೆ ನೋಡುತ್ತ. ಕರೆದರೆ ಕೇಳಿಸಲಿಲ್ಲ. ವಾಪಸ್ ಹೋಗಿ ಕೈ ಹಿಡಿದೆ. ಕೈ ಮಂಜಿನಂತೆ ತಣ್ಣಗಿತ್ತು. ಎಳೆದರೆ ಸಣ್ಣ ಕೂಸಿನಂತೆ ಹಿಂದೆ ಬಂದರು. ಅಂಗಳದ ನಡುವೆ ಬಂದಿರಬೇಕು, ಆಗ ಹಿಂದಿನ ಗೋಡೆ ಒಳಗೆ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಧಾನ್ಯದ ಚೀಲ ಬಿಚ್ಚಿ ಸುರಿದಂತೆ ಸರ್ರೆಂದು ಇಳಿಯಿತು. ಬಾಗಿಲಿನಿಂದ ಧೂಳು ಉಗುಳಿಕೊಂಡು ಬಂತು. ಧೂಳಿನ ಜೊತೆ ಆ ವಾಸನೆ.

ಮಳೆಯಲ್ಲಿ ನಿಂತೇ ಮಾಸ್ತರರು ಹಾಜರಿ ಕೂಗಿದರು. ಪುಸ್ತಕ ಒಳಗೇ ಉಳಿದಿತ್ತು. ಒಂದೊಂದೇ ಹೆಸರು ಬಾಯಿಪಾಠ ಕೂಗಿದರು. ಪ್ರತಿ ಹೆಸರಿಗೂ ಉತ್ತರ ಬರುವತನಕ ಮುಂದಿನದಕ್ಕೆ ಹೋಗಲಿಲ್ಲ. ಎಲ್ಲರೂ ಇದ್ದರು. ಹಾಜರಿ ಮುಗಿದ ಮೇಲೆ ಬೇವಿನ ಕಟ್ಟೆಯ ಮೇಲೆ ಕೂತುಬಿಟ್ಟರು.

ತಾಯಂದಿರು ಓಡಿ ಬಂದು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ನಾವಿಬ್ಬರೇ ಉಳಿದಾಗ ಮಾಸ್ತರರು ಮಾತಾಡಿದರು.

"ನಮ್ಮೂರು ಉಮರ್ಗಾದ ಕಡಿ ಇತ್ರಿ. ಆವತ್ತ ನಾ ಹೊರಗ ಮಲಗಿದ್ದೆ, ದನದ ಕೊಟ್ಟಿಗಿ ಕಟ್ಟಿ ಮ್ಯಾಲ. ಸಣ್ಣಾಂವ. ಸದ್ದಿಗೆ ಎಚ್ಚರಾತು. ಲಾರಿ ಬರಲಕತ್ತದ ಅಂದ್ಕೊಂಡೆ. ನಮ್ಮೂರಿಗೆ ಲಾರಿ ಬಂದ್ರ ನಮಗ ಹಬ್ಬ ಇದ್ದಂಗ. ಎದ್ದು ಕೂತು ದಾರಿ ನೋಡಿದೆ, ಯಾವ ಕಡಿಂದ ಬರ್ತದ ಅಂತ. ನೋಡ್ಕೋತ ಕೂತಾಗನ ಬೆನ್ನ ಹಿಂದಿನ ಮನಿ ಹೋತು."

ನಾನು ಕಟ್ಟೆಯ ಮೇಲೆ ಅವರ ಪಕ್ಕ ಕೂತೆ.

"ಅವ್ವಾ, ಅಪ್ಪಾ, ತಂಗೇರಿಬ್ಬರು" ಅಂದರು. ಬಿದ್ದ ಗೋಡೆಯ ಕಡೆ ನೋಡಿ, "ನಾ ಲಾರಿ ಅಂದ್ಕೊಂಡೆ, ಇವ್ರು ಇವತ್ತ ನಿಮ್ಮ ಪುಟ ಅಂದ್ಕೊಂಡ್ರು. ಆ ಸದ್ದು ಬಂದಾಗ ಮಕ್ಕಳಿಗೆ ಮತ್ತೊಂದು ನೆನಪಾಗಬಾರದ್ರಿ ಮ್ಯಾಡಮ್. ನೆನಪಾಗೂದ್ರಾಗ ಹೊತ್ತು ಹೋಗ್ತದ."

ಆ ವಾರ ಅವರೇ ಪಾಠ ಬರೆದುಕೊಟ್ಟರು. ನಾನು ಹಳೆ ಪುಟವನ್ನು ಪೂರಾ ಅಳಿಸಿದೆ. ನಡುಗುವ ಮನೆ ಹೋಯಿತು, ಸದ್ದು ಹೋಯಿತು, ನನ್ನ ದನಿ ಹೋಯಿತು. ಹೊಸ ಪುಟದ ಮೊದಲ ತೆರೆಯ ಮೇಲೆ ಚಿತ್ರವೂ ಇರಲಿಲ್ಲ. 'ನೀನು ಈಗ ಕೂತ ಕೋಣೆಯ ಬಾಗಿಲು ಎಲ್ಲಿದೆ? ಎದ್ದು ಬಾಗಿಲು ದಾಟಿ ಬಯಲಿನವರೆಗೆ ಹೋಗು. ದಾರಿಯಲ್ಲಿ ಏನು ಅಡ್ಡ ಬಂತು? ವಾಪಸ್ ಬಂದು ಇಲ್ಲಿ ಒತ್ತು.' ಕೆಳಗೆ ಒತ್ತಲು ಹೆಸರುಗಳು: ಚೀಲ, ಹಾಸಿಗೆ, ಸೈಕಲ್, ಕಟ್ಟಿದ ಆಡು, ಏನೂ ಇಲ್ಲ.

ಮೇಘನಾ ಮ್ಯಾಡಮ್ ಸಿಟ್ಟಾದರು. "ಅಗಂ ರೇಖಾ, ಮಕ್ಕಳನ್ನು ಪುಟದಲ್ಲಿ ಹಿಡಿದಿಡೋದು ನಮ್ಮ ಕೆಲಸ. ನೀನು ಮೊದಲ ತೆರೆಯಲ್ಲೇ ಎದ್ದು ಹೋಗು ಅಂತೀಯ. ಹೋದವರು ವಾಪಸ್ ಬರದಿದ್ದರೆ?"

"ಹೋಗೋದು ಕಲಿತರೆ ಸಾಕು ಮ್ಯಾಡಮ್" ಅಂದೆ. ಬಿದ್ದ ಗೋಡೆಯ ಫೋಟೊ ಕಳಿಸಿದೆ. ಮರುದಿನ ಅವರು ಆ ಪುಟವನ್ನು ಶಾಲೆಗಳಿಗೆ ಕಳಿಸಲು ಒಪ್ಪಿದರು.

ಉತ್ತರಗಳು ಬರತೊಡಗಿದವು. ಜಳಕೋಟದಿಂದ, ಉದಗೀರದಿಂದ, ಉಮರ್ಗಾದ ಹಳ್ಳಿಗಳಿಂದ. ಎಲ್ಲಕ್ಕಿಂತ ಹೆಚ್ಚು ಮಕ್ಕಳು ಒತ್ತಿದ್ದು 'ಚೀಲ'. ಬಾಗಿಲುಗಳಿಗೆ ಅಡ್ಡ ಚೀಲಗಳಿದ್ದವು, ಮನೆ ಮನೆಯಲ್ಲಿ. ಊಟದ ಹೊತ್ತಿಗೆ ಇದನ್ನು ಹೇಳಿದೆ. ಮಾವ ಕೈ ತೊಳೆದು ಎದ್ದು, ನಡುಮನೆಯ ದಾರಿಯಲ್ಲಿ ಒಟ್ಟಿದ್ದ ಬೆಲ್ಲದ ಚೀಲಗಳನ್ನು ಒಬ್ಬನೇ ಎಳೆದು ಅಂಗಡಿಗೆ ಸಾಗಿಸಿದ. ಅವನಿಗೂ ಅಂಜಿಕೆ ಇತ್ತೆಂದು ಅವತ್ತೇ ತಿಳಿದದ್ದು.

ಮಳೆ ಹಿಂದೆ ಸರಿಯುತ್ತಿತ್ತು. ಸೋಯಾಬೀನ್ ಹಳದಿಯಾಗುತ್ತಿತ್ತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಲೋಟ ಬಿತ್ತು. ಅತ್ತೆ ಒದರಲೂ ಇಲ್ಲ, ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ಓಡಿದಳು. ಓಣಿ ತುಂಬ ಜನ, ಅರ್ಧ ಗಡ್ಡ ಹೆರೆದವರು, ಹಿಟ್ಟಿನ ಕೈಯವರು. ಎಲ್ಲರೂ ತಮ್ಮ ತಮ್ಮ ಮನೆಯನ್ನು ನೋಡುತ್ತ ನಿಂತಿದ್ದರು. ನಮ್ಮ ಓಣಿಯಲ್ಲಿ ಯಾವ ಮನೆಯೂ ಬೀಳಲಿಲ್ಲ. ಹಳ್ಳಿಗಳ ಕಡೆ ಜೋರಿತ್ತಂತೆ ಅಂತ ಯಾರೋ ಅಂದರು.

ನೆಟ್‌ವರ್ಕ್ ಹೋಗಿತ್ತು. ಬಂದಾಗ ಮಾವನ ಅಂಗಡಿ ಮುಂದಿನ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಯಾವ ಶಾಲೆಯಲ್ಲಿ ಮಕ್ಕಳು ಯಾವ ತೆರೆಯ ಮೇಲಿದ್ದಾರೆ ಅಂತ ಅದರಲ್ಲಿ ಕಾಣುತ್ತಿತ್ತು. ಮಾಸ್ತರರ ಶಾಲೆಯ ಸ್ಲ್ಯಾಬಿನ ಕೋಣೆಗೆ ಮರಳಿದ್ದ ಎಂಟನೆಯವರು ಬೆಳಗಿನ ತರಗತಿಯಲ್ಲೇ ಸಂಸ್ಥೆ ಕೊಟ್ಟ ಟ್ಯಾಬುಗಳಲ್ಲಿ ಪಾಠ ತೆರೆದಿದ್ದರು. ಪ್ರಶ್ನೆಗಳ ನಡುವೆ ಎಲ್ಲರೂ ನಿಂತುಬಿಟ್ಟಿದ್ದರು. ಒಬ್ಬರದೂ ಮುಂದೆ ಹೋಗಿರಲಿಲ್ಲ. ಕಾದೆ. ತೆರೆಯ ಮೇಲೆ ಏನೂ ಅಲುಗಾಡಲಿಲ್ಲ. ಸುನಂದಾಳ ಹೆಸರಿನ ಮುಂದೆಯೂ ಅರ್ಧ ಉತ್ತರ.

ಫೋನು ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ, ಮತ್ತೂ ಅಷ್ಟೇ. ಅತ್ತೆ ಪಕ್ಕದಲ್ಲಿ ಕೂತು ನನ್ನ ಬೆನ್ನ ಮೇಲೆ ಕೈ ಇಟ್ಟು ಶಿವಶಿವ ಅನ್ನುತ್ತಿದ್ದಳು. ಎಷ್ಟನೇ ಸಲವೋ, ಆ ಕಡೆ ಫೋನು ಎತ್ತಿದರು.

"ಮಾಸ್ತರ್ರ, ಮಕ್ಕಳೆಲ್ಲಿ?"

"ಹೊರಗ ಅವ್ರಿ ಮ್ಯಾಡಮ್. ಎಲ್ಲಾರೂ ಹೊರಗ ಅವ." ಇನ್ನೂ ಏದುಸಿರು ಬಿಡುತ್ತಿದ್ದರು. "ನಾ ಒದರೂ ಮೊದಲ ಎದ್ದಿದ್ರು. ಟ್ಯಾಬು ಅಲ್ಲೇ ಬಿಟ್ಟು, ದಪ್ತರದ ಚೀಲ ಅಲ್ಲೇ ಬಿಟ್ಟು. ಯಾರೂ ನಗಲಿಲ್ರಿ." ಆಮೇಲೆ, "ನಾನೂ ಬಂದೀನ್ರಿ. ಯಾರೂ ಕೈ ಹಿಡೀಲಿಲ್ಲ."

ನನಗೆ ಅಳು ಬಂತು. ಫೋನಿನ ಆ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು, ಯಾರೋ ಯಾರನ್ನೋ ಕೆಸರಿಗೆ ದೂಡಿದಂತಿತ್ತು.

"ಬಿಸಲು ಬಿದ್ದದ. ಒಳಗ ಕರೀಲೇನ್ರಿ?" ಅಂತ ಕೇಳಿದರು.

"ಬ್ಯಾಡ್ರಿ" ಅಂದೆ. "ಇನ್ನೊಂದೀಟು ಅಲ್ಲೇ ಇರ್ಲಿ."

"ಹೂಂನ್ರಿ" ಅಂದರು. ಆದರೆ ಫೋನಿಡಲಿಲ್ಲ. ನಾನೂ ಇಡಲಿಲ್ಲ. ಇಬ್ಬರೂ ಮಕ್ಕಳ ಗದ್ದಲದ ಕೆಳಗೆ ಮತ್ತೇನಾದರೂ ಕೇಳುತ್ತದೆಯೇ ಎಂದು ಕಿವಿಗೊಟ್ಟು ಕಾದೆವು.